ಕಿಂಡಿ ಅಣೆಕಟ್ಟಿನ ಮೇಲ್ಗಡೆ ಒಂದು ಶೋಧ: ಪಯಸ್ವಿನಿ ಹೊಳೆಯ ಪ್ರಕರಣ

ಹರಿಯುವ ಹೊಳೆಯಲ್ಲಿ ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ಮುಳುಗುವುದು, ಅಂದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ: ಮುಳುಗುವವನು ಎಷ್ಟು ಗಟ್ಟಿಗ, ಎಷ್ಟು ಹೊತ್ತು ನೀರಿನಲ್ಲಿರುತ್ತಾನೆ? ನಾನು ದಡದಲ್ಲಿ ನಿಂತು ಡೈವರಿನ ಹಗ್ಗ ಹಿಡಿಯುವವನು. ನನ್ನ ಮಟ್ಟಿಗೆ ಆ ಪ್ರಶ್ನೆಗೆ ಅಷ್ಟು ತೂಕ ಇಲ್ಲ. ಸೆಳೆತ ಇರುವ ನೀರಿನಲ್ಲಿ ಡೈವರಿನ ಜೀವ ಉಳಿಯುವುದೋ ಹೋಗುವುದೋ ಅನ್ನುವುದು ಹೆಚ್ಚಿನ ಸಲ ಅವನ ಕಾಲು ಒದ್ದೆಯಾಗುವ ಮೊದಲೇ ದಡದಲ್ಲಿ ತೀರ್ಮಾನ ಆಗಿರುತ್ತದೆ. ಅದನ್ನು ಬಾಯಲ್ಲಿ ಹೇಳಿದರೆ ಸಾಲದು ಅಂತ ನಮ್ಮ ಕಾಸರಗೋಡು ಕಡೆಯ ಒಂದೇ ಒಂದು ಪ್ರಕರಣವನ್ನು ಮೊದಲಿಂದ ಕೊನೆವರೆಗೆ ಬರೆಯುತ್ತಿದ್ದೇನೆ. ತೀರಿಕೊಂಡ ಹುಡುಗನ ಮನೆಯವರು ಇದೇ ಊರಲ್ಲಿದ್ದಾರೆ. ಹಾಗಾಗಿ ಅಣೆಕಟ್ಟು ಯಾವುದು, ವರ್ಷ ಯಾವುದು, ಯಾರ ಹೆಸರು ಏನು ಎಂಬುದನ್ನೆಲ್ಲ ಬಿಟ್ಟಿದ್ದೇನೆ.

ಜಾಗ

ಪಯಸ್ವಿನಿ ಹುಟ್ಟುವುದು ಕೊಡಗಿನ ಬೆಟ್ಟದಲ್ಲಿ. ಸುಳ್ಯ ದಾಟಿ ಜಾಲ್ಸೂರು ಕಳೆದ ಮೇಲೆ ನಮ್ಮ ಜಿಲ್ಲೆಗೆ ಬರುತ್ತದೆ, ಆದೂರಿನ ಪಕ್ಕದಲ್ಲಿ ಹರಿದು ಬಾವಿಕ್ಕೆರೆ ಹತ್ತಿರ ಇನ್ನೊಂದು ಹೊಳೆ ಸೇರಿಸಿಕೊಂಡು ಚಂದ್ರಗಿರಿ ಅನ್ನಿಸಿಕೊಳ್ಳುತ್ತದೆ, ಕೊನೆಗೆ ಕಾಸರಗೋಡು ಪೇಟೆಯ ಬುಡದಲ್ಲಿ ಸಮುದ್ರಕ್ಕೆ. ಕೆಳಗಿನ ಭಾಗದಲ್ಲಿ ಭರತ ಇಳಿತ ನೋಡಿಕೊಂಡು ಮುಳುಗಬೇಕು, ನೀರು ನಿಲ್ಲುವ ಹೊತ್ತು ಅಂತ ಒಂದು ಸಿಗುತ್ತದೆ. ಮೇಲಿನ ಭಾಗದಲ್ಲಿ ಆ ಅನುಕೂಲ ಇಲ್ಲ. ಇಲ್ಲಿ ನೀರು ಹೋಗುವುದು ಒಂದೇ ದಿಕ್ಕಿಗೆ. ಅದೂ ಅಲ್ಲದೆ ನಮ್ಮ ಕಡೆಯ ಮುಳ್ಳೇರಿಯದಲ್ಲಿ ಬಿಸಿಲು ಕಾಯುತ್ತಿದ್ದರೂ ಸುಳ್ಯದ ಮೇಲಿನ ಗುಡ್ಡದಲ್ಲಿ ಸಂಜೆ ಗುಡುಗು ಮಳೆ ಹೊಡೆದರೆ ಕೆಲವು ಗಂಟೆ ಬಿಟ್ಟು ಇಲ್ಲಿ ನೀರು ಕೆಂಪಾಗಿ ಏರುತ್ತದೆ. ಹೊಳೆ ಬದಿಯ ತೋಟದವರಿಗೆ ಇದು ಗೊತ್ತು. ಹೊರಗಿಂದ ಬಂದ ಡೈವರುಗಳಿಗೆ ಗೊತ್ತಿರುವುದಿಲ್ಲ.

ಮಳೆ ಮುಗಿದ ಮೇಲೆ ಕಿಂಡಿ ಅಣೆಕಟ್ಟಿಗೆ, ಅಂದರೆ ಸಾಲು ಕಂಬಗಳ ನಡುವೆ ಕಿಂಡಿ ಬಿಟ್ಟು ಕಟ್ಟಿದ ಸಣ್ಣ ಅಣೆಕಟ್ಟಿಗೆ, ಹಲಗೆ ಹಾಕುತ್ತಾರೆ. ಕಂಬಗಳಲ್ಲಿ ಕೊರೆದ ಕಚ್ಚಿನಲ್ಲಿ ಒಂದರ ಮೇಲೊಂದು ಹಲಗೆ ಇಳಿಸುತ್ತಾರೆ, ಎರಡು ಸಾಲು, ನಡುವೆ ಮಣ್ಣು. ಅಡಿಕೆ ತೋಟಗಳು ಬೇಸಿಗೆಯಲ್ಲಿ ಹಸಿರಾಗಿ ನಿಲ್ಲುವುದು ಇದರಿಂದಲೇ. ಹಲಗೆ ಬಿದ್ದ ಮೇಲೆ ಮೇಲ್ಗಡೆ ನೀರು ನೋಡಲು ಕೆರೆಯ ಹಾಗೆ ತಣ್ಣಗೆ ಇರುತ್ತದೆ. ಮಕ್ಕಳು ಈಜಲು ಬರುವುದೂ ಅದೇ ಕಾರಣಕ್ಕೆ.

ಆ ಸಲ ಹಲಗೆ ಹಾಕಿ ಹೆಚ್ಚು ದಿನ ಆಗಿರಲಿಲ್ಲ. ಮೇಲಿಂದ ಒಂದು ಬಿದಿರ ಮೆಳೆ ತೇಲಿ ಬಂದು ನಡುವಿನ ಕಿಂಡಿಯಲ್ಲಿ ಸಿಕ್ಕಿಕೊಂಡಿತ್ತು. ಅಲ್ಲಿ ಹಲಗೆಗಳು ಸರಿಯಾಗಿ ಕೂತಿರಲಿಲ್ಲ. ಹತ್ತೊಂಬತ್ತರ ಒಬ್ಬ ಹುಡುಗ ಸಂಜೆ ಗೆಳೆಯರ ಜೊತೆ ಸ್ನಾನಕ್ಕೆ ಬಂದವನು, ಅಣೆಕಟ್ಟಿನ ಉದ್ದಕ್ಕೆ ಈಜುತ್ತಾ ಹೋದ. ನಡು ಕಂಬದ ಹತ್ತಿರ ಒಮ್ಮೆ ಮುಳುಗಿದ. ಮತ್ತೆ ಮೇಲೆ ಬರಲಿಲ್ಲ. ಗೆಳೆಯರು ಕಿರುಚಿದರು. ಇಬ್ಬರು ಹಾರಲು ಹೊರಟಾಗ ತೋಟದ ಕೆಲಸದ ಹೆಂಗಸೊಬ್ಬರು ಅವರನ್ನು ಅಂಗಿ ಹಿಡಿದು ನಿಲ್ಲಿಸಿದರಂತೆ. ಆ ಅಮ್ಮನಿಂದಾಗಿ ಆ ದಿನ ಎರಡು ಮನೆ ಉಳಿಯಿತು ಅಂತ ನಾನು ನಂಬುತ್ತೇನೆ.

ಸಂಜೆ ಯಾಕೆ ಇಳಿಯಲಿಲ್ಲ

ಅಗ್ನಿಶಾಮಕ ದಳ ಬರುವಾಗ, ಅವರ ಹಿಂದೆ ನಾವು ಸ್ವಯಂಸೇವಕರು ಬರುವಾಗ ಕತ್ತಲು ಬೀಳುತ್ತಿತ್ತು. ಕೇರಳದ ಅಗ್ನಿಶಾಮಕ ದಳಕ್ಕೆ ತನ್ನದೇ ಸ್ಕೂಬಾ ತಂಡಗಳಿವೆ, ನೀರಿನ ರಕ್ಷಣೆಗೆ ಫೋರ್ಟ್ ಕೊಚ್ಚಿಯಲ್ಲಿ ತರಬೇತಿ ಆಗುತ್ತದೆ. ಇಂಥ ಜಾಗದಲ್ಲಿ ಅವರೇ ಯಜಮಾನರು. ನಾವು ಅವರು ಹೇಳಿದ ಕೆಲಸ ಮಾಡುವವರು. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಮುರುಡೇಶ್ವರದಲ್ಲೋ ನೇತ್ರಾಣಿಯಲ್ಲೋ ಓಪನ್ ವಾಟರ್ ಕಾರ್ಡ್ (ಸ್ಕೂಬಾ ಕಲಿಕೆಯ ಮೊದಲ ಹಂತದ್ದು) ಮಾಡಿಕೊಂಡ ಉತ್ಸಾಹದ ಹುಡುಗರು ಸಿಲಿಂಡರ್ ಹೊತ್ತು ನೇರ ಹೊಳೆಗೆ ಬಂದುಬಿಡುತ್ತಾರೆ. ಅವರ ಮನಸ್ಸು ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಮುದ್ರದಲ್ಲಿ ಕಲಿತದ್ದು ಇಲ್ಲಿ ಅರ್ಧಕ್ಕರ್ಧ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಸೆಳೆತ ಬಂದರೆ ಅದರ ಜೊತೆ ತೇಲಿ ಹೋಗಿ, ದೋಣಿ ಬಂದು ಎತ್ತಿಕೊಳ್ಳುತ್ತದೆ ಅಂತ ಹೇಳಿಕೊಡುತ್ತಾರೆ. ಇಲ್ಲಿ ತೇಲಿ ಹೋದರೆ ಕೆಳಗೆ ಕಂಬ, ಹಲಗೆ, ಬಿದಿರು.

ಹುಡುಗನ ಚಿಕ್ಕಪ್ಪ ಅಧಿಕಾರಿಯ ಕೈ ಹಿಡಿದುಕೊಂಡರು. "ಸಾರ್, ಒಮ್ಮೆ ಇಳಿದು ನೋಡಿ ಸಾರ್. ಎಲ್ಲಾದ್ರೂ ಉಸಿರು ಇದ್ರೆ?" ಅಂದರು. ಅವರಿಗೆ ಏನು ಉತ್ತರ ಕೊಡುವುದು? ಆದರೆ ಉತ್ತರ ಕೊಡಲೇಬೇಕು, ಸುಮ್ನೆ ಸಮಾಧಾನ ಹೇಳಿ ಜಾರಿಕೊಳ್ಳಬಾರದು. ಹುಡುಗ ನೀರಿನಡಿ ಹೋಗಿ ಒಂದು ಗಂಟೆ ದಾಟಿತ್ತು. ಹಿಮ ಬೀಳುವ ದೇಶಗಳಲ್ಲಿ ಮಂಜುನೀರಿನಲ್ಲಿ ಮುಳುಗಿದವರು ತುಂಬ ಹೊತ್ತಿನ ಮೇಲೆ ಬದುಕಿ ಬಂದ ಅಪರೂಪದ ಉದಾಹರಣೆಗಳಿವೆ. ನಮ್ಮ ಬೆಚ್ಚಗಿನ ಹೊಳೆಯಲ್ಲಿ ಅದು ಆಗುವುದಿಲ್ಲ. ಅಂದರೆ ಇನ್ನು ಮುಂದಿನದು ಜೀವ ಉಳಿಸುವ ಕೆಲಸ ಅಲ್ಲ, ದೇಹ ತರುವ ಕೆಲಸ. ಆ ಗೆರೆ ದಾಟಿದ ಮೇಲೆ ಇನ್ನೊಂದು ಜೀವವನ್ನು ಪಣಕ್ಕಿಡುವ ಹಕ್ಕು ಯಾರಿಗೂ ಇಲ್ಲ, ಎಷ್ಟೇ ಅಳು ಕೇಳಿಸಿದರೂ. ಅಧಿಕಾರಿ ಚಿಕ್ಕಪ್ಪನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಇದನ್ನೇ ಮೆಲ್ಲಗೆ, ಆದರೆ ನೇರವಾಗಿ ಹೇಳಿದರು. ರಾತ್ರಿ ಇಡೀ ಇಬ್ಬರು ದಡದಲ್ಲಿ ಲೈಟ್ ಹಾಕಿಕೊಂಡು ಇರುತ್ತಾರೆ, ಬೆಳಿಗ್ಗೆ ಮೊದಲ ಬೆಳಕಿಗೆ ಕೆಲಸ ಶುರು, ನೀವೂ ಇಲ್ಲೇ ಇರಿ ಅಂದರು. ಚಿಕ್ಕಪ್ಪ ಇದ್ದರು.

ಹಾಗಂತ ರಾತ್ರಿ ದಂಡ ಆಗಲಿಲ್ಲ. ಗೆಳೆಯರನ್ನು ಒಬ್ಬೊಬ್ಬರನ್ನಾಗಿ, ಬೇರೆ ಬೇರೆಯಾಗಿ ಅವರು ನಿಂತಿದ್ದ ಜಾಗದಲ್ಲೇ ನಿಲ್ಲಿಸಿ, ಕೊನೆಗೆ ತಲೆ ಕಂಡದ್ದು ಎಲ್ಲಿ ಅಂತ ಕೈ ತೋರಿಸಲು ಹೇಳಿದೆವು. ಒಟ್ಟಿಗೆ ಕೇಳಿದರೆ ಒಬ್ಬ ಹೇಳಿದ್ದನ್ನೇ ಉಳಿದವರೂ ಹೇಳುತ್ತಾರೆ. ಇಬ್ಬರ ಕೈ ತೋರಿಸಿದ ಗೆರೆಗಳು ಸೇರುವ ಜಾಗವೇ ಹುಡುಕಾಟದ ಮೊದಲ ಗುರುತು. ಗೆರೆಗಳು ನಡು ಕಂಬದ ಹತ್ತಿರ ಸೇರಿದವು.

ಇನ್ನೊಂದು ಮುಖ್ಯ ಮಾತು ಬಂದದ್ದು ತೋಟದ ಯಜಮಾನರಿಂದ. ಅವರು ಬೆಳಿಗ್ಗೆ ಪಂಪ್ ಹಾಕಲು ಬಂದಾಗ ಅಣೆಕಟ್ಟಿನ ಕೆಳಗಡೆ, ನಡು ಕಿಂಡಿಯ ಎದುರು ನೀರು ಕುದಿಯುತ್ತಿದ್ದದ್ದನ್ನು ನೋಡಿದ್ದರಂತೆ. ಬೇರೆ ಕಿಂಡಿಗಳಲ್ಲಿ ನೀರು ಹಲಗೆಯ ಮೇಲಿಂದ ಮಾತ್ರ ಇಳಿಯುತ್ತಿತ್ತು. ನಡುವಿನದರಲ್ಲಿ ಅಡಿಯಿಂದ ಉಕ್ಕಿ ಮೇಲೆ ಬರುತ್ತಿತ್ತು. ಅಂದರೆ ನೀರಿನಡಿ ಹಲಗೆಗಳ ನಡುವೆ ಒಂದು ತೂತು ಇದೆ.

ಕಣ್ಣಿಗೆ ಕಾಣದ ಸೆಳೆತ

ಇಡೀ ಪ್ರಕರಣದ ಗಂಟು ಈ ತೂತು. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದು ಗೊತ್ತಿಲ್ಲದೆ ಲೋಕದ ಎಷ್ಟೋ ಕಡೆ ಅನುಭವಿ ಡೈವರುಗಳೇ ಸತ್ತಿದ್ದಾರೆ.

ಮೇಲ್ಗಡೆಯ ನೀರಿಗೂ ಕೆಳಗಡೆಯ ನೀರಿಗೂ ಮಟ್ಟದಲ್ಲಿ ಸುಮಾರು ಒಂದೂವರೆ ಮೀಟರ್ ವ್ಯತ್ಯಾಸ ಇತ್ತು. ಒಂದು ಮೀಟರ್ ವ್ಯತ್ಯಾಸಕ್ಕೆ ಒಂದು ಚದರ ಮೀಟರಿನ ಮೇಲೆ ಒಂದು ಟನ್ ಒತ್ತಡ ಬೀಳುತ್ತದೆ. ಇದು ಎಲ್ಲ ನೀರಿಗೂ ಒಂದೇ ಲೆಕ್ಕ. ತೂತು ಅರ್ಧ ಮೀಟರ್ ಅಗಲ, 40 ಸೆಂಟಿಮೀಟರ್ ಎತ್ತರ ಅಂತ ಇಟ್ಟುಕೊಳ್ಳಿ. ಒಬ್ಬ ಮನುಷ್ಯನ ಬೆನ್ನು ಅದನ್ನು ಮುಚ್ಚಿದರೆ ಅವನನ್ನು ಹಲಗೆಗೆ ಒತ್ತುವ ಬಲ 300 ಕಿಲೋ. ನಾಲ್ಕು ಜನ ಹಗ್ಗ ಜಗ್ಗಿದರೂ ಬರುವುದಿಲ್ಲ. ಜಗ್ಗಿದರೆ ಮನುಷ್ಯನಿಗೇ ಪೆಟ್ಟು.

ಇನ್ನೂ ಕೆಟ್ಟದ್ದು ಏನಂದರೆ, ದೂರದಿಂದ ಅದು ಗೊತ್ತೇ ಆಗುವುದಿಲ್ಲ. ತೂತಿನ ಒಳಗೆ ನೀರು ಸೆಕೆಂಡಿಗೆ 5 ಮೀಟರಿಗಿಂತ ಜಾಸ್ತಿ ವೇಗದಲ್ಲಿ ನುಗ್ಗುತ್ತಿರುತ್ತದೆ. ಒಂದೇ ಮೀಟರ್ ಈಚೆಗೆ ಬಂದರೆ ಆ ವೇಗ ಸೆಕೆಂಡಿಗೆ 10 ಸೆಂಟಿಮೀಟರಿನ ಆಸುಪಾಸು, ಕೈಗೆ ಏನೂ ಅನ್ನಿಸುವುದಿಲ್ಲ. ದೂರ ಅರ್ಧ ಆದರೆ ವೇಗ ನಾಲ್ಕು ಪಟ್ಟು. ಹಾಗಾಗಿ ಡೈವರ್ ಕತ್ತಲು ನೀರಿನಲ್ಲಿ ಕೈಯಲ್ಲಿ ತಡವುತ್ತಾ ಹೋಗುವಾಗ ಮೊದಲು ಏನೂ ಇರುವುದಿಲ್ಲ, ಮತ್ತೆ ಸ್ವಲ್ಪ ಎಳೆದ ಹಾಗೆ, ಆಮೇಲೆ ಅಷ್ಟೆ. ಈಜಿನ ತಾಕತ್ತಿನ ಮಾತು ಇಲ್ಲಿ ಬರುವುದೇ ಇಲ್ಲ. ಸಾಮಾನು ಹೊತ್ತ ಒಳ್ಳೆಯ ಡೈವರ್ ಎದುರು ನೀರಿನಲ್ಲಿ ಸೆಕೆಂಡಿಗೆ ಅರ್ಧ ಮೀಟರ್ ಸೆಳೆತವನ್ನು ಕೆಲವು ನಿಮಿಷ ತಡೆದಾನು, ಅದಕ್ಕಿಂತ ಮೇಲೆ ಗಾಳಿ ಖರ್ಚು ಮಾಡಿಕೊಂಡು ಇದ್ದಲ್ಲೇ ಇರುತ್ತಾನೆ. ಸೆಳೆತ ಎರಡು ಪಟ್ಟಾದರೆ ಮೈಮೇಲಿನ ನೂಕು ನಾಲ್ಕು ಪಟ್ಟಾಗುತ್ತದೆ.

ಅದಕ್ಕೇ ರಾತ್ರಿಯೇ ತೀರ್ಮಾನ ಆಯಿತು: ಎರಡೂ ಕಡೆಯ ನೀರಿನ ಮಟ್ಟ ಒಂದಾಗುವವರೆಗೆ ಅಣೆಕಟ್ಟಿನ ಮೇಲ್ಗಡೆ ಯಾರೂ ಮುಳುಗುವುದಿಲ್ಲ. ದೋಣಿಯೂ ಹೋಗುವುದಿಲ್ಲ. ಕೆಳಗಡೆಯೂ ಅಷ್ಟೆ, ಹಲಗೆಯ ಮೇಲಿಂದ ಧುಮುಕುವ ನೀರು ಬುಡದಲ್ಲಿ ತಿರುಗಿ ಹಿಂದಕ್ಕೇ ಎಳೆಯುತ್ತದೆ, ಅಲ್ಲಿ ಸಿಕ್ಕಿದ ತೆಂಗಿನ ಕಾಯಿ ಗಂಟೆಗಟ್ಟಲೆ ಅಲ್ಲೇ ಸುತ್ತುವುದನ್ನು ಎಲ್ಲರೂ ನೋಡಿದ್ದೇವೆ ಅಲ್ವಾ. ಮನುಷ್ಯನೂ ಹಾಗೇ ಸುತ್ತುತ್ತಾನೆ.

ಹಲಗೆ ತೆಗೆದದ್ದು

ಹಲಗೆ ತೆಗೆಯುವುದು ಅಂದರೆ ತೋಟದವರ ಬೇಸಿಗೆಯ ನೀರು ಬಿಟ್ಟುಕೊಡುವುದು. ಬೆಳಿಗ್ಗೆ ವಾರ್ಡ್ ಮೆಂಬರ್ ಎಲ್ಲರನ್ನೂ ಸೇರಿಸಿದರು. ಒಬ್ಬರಾದರೂ ಬೇಡ ಅನ್ನಲಿಲ್ಲ. "ಹಲಗೆ ನಾಳೆ ಹಾಕ್ಲಿಕ್ಕಾಗ್ತದೆ ಮಾರಾಯ್ರೆ, ಮೊದಲು ಮಗುವನ್ನು ಮೇಲೆ ತನ್ನಿ" ಅಂದರು ಆ ಯಜಮಾನರು. ಹಲಗೆ ಇಳಿಸಿದ ಆಳುಗಳೇ ಕೊಕ್ಕೆ ಹಿಡಿದು ಬಂದರು.

ತೆಗೆಯುವುದಕ್ಕೂ ಕ್ರಮ ಇದೆ. ಹುಡುಗ ಇರಬಹುದಾದ ಕಿಂಡಿಯನ್ನು ಮುಟ್ಟಬಾರದು. ಮುಟ್ಟಿದರೆ ಇಡೀ ಹೊಳೆಯ ನೂಕು ಅತ್ತ ತಿರುಗುತ್ತದೆ. ದೂರದ ಬಲದಂಡೆಯ ಕಿಂಡಿಗಳಿಂದ ಶುರು ಮಾಡಿ, ಮೇಲಿನ ಹಲಗೆ ಮೊದಲು, ಒಂದೊಂದಾಗಿ, ನಡುವೆ ಬಿಡುವು ಕೊಟ್ಟು ತೆಗೆದರು. ಅಡಿಯ ಹಲಗೆಗಳು ಒತ್ತಡದಲ್ಲಿ ಕಂಬದ ಕಚ್ಚಿಗೆ ಬಿಗಿದುಕೊಂಡಿರುತ್ತವೆ, ಅವನ್ನು ಎಳೆಯಲು ಹೋಗಬಾರದು, ನೀರು ಇಳಿದ ಮೇಲೆ ತಾನಾಗಿ ಸಡಿಲ ಆಗುತ್ತವೆ. ಕೊಕ್ಕೆ ಹಾಕುವವರಿಗೂ ಸೊಂಟಪಟ್ಟಿ, ಹಗ್ಗ, ಲೈಫ್ ಜಾಕೆಟ್. ಇದರ ಮೊದಲು ಕೆಳಗಿನ ಊರುಗಳಿಗೆಲ್ಲ ಫೋನ್ ಹೋಯಿತು: ನೀರು ಬಿಡುತ್ತಿದ್ದೇವೆ, ಬಟ್ಟೆ ಒಗೆಯಲು, ಹೊಯಿಗೆಗೆ, ಮೀನಿಗೆ ಅಂತ ಯಾರೂ ಹೊಳೆಗೆ ಇಳಿಯಬೇಡಿ, ಪಂಪ್‌ಸೆಟ್ ದಡಕ್ಕೆ ಎತ್ತಿಕೊಳ್ಳಿ.

ಕಂಬದ ಎರಡೂ ಮುಖಕ್ಕೆ ಸುಣ್ಣದಲ್ಲಿ ಗುರುತು ಹಾಕಿಕೊಂಡು ಅರ್ಧ ಗಂಟೆಗೊಮ್ಮೆ ಅಳೆದೆವು. ಮೇಲ್ಗಡೆ ಇಳಿಯಿತು, ಕೆಳಗಡೆ ಸ್ವಲ್ಪ ಏರಿತು. ಮಧ್ಯಾಹ್ನದ ಹೊತ್ತಿಗೆ ಎರಡೂ ಕಡೆಯ ಮಟ್ಟ ಒಂದಾಯಿತು. ನಡು ಕಿಂಡಿಯ ಕೆಳಗಡೆ ಕುದಿಯುವುದು ನಿಂತಿತು.

ಅಷ್ಟಕ್ಕೇ ಯಾರೂ ಇಳಿಯಲಿಲ್ಲ. ಉದ್ದದ ಅಡಿಕೆ ದೋಟಿಯ ತುದಿಗೆ ಗೋಣಿಯ ತುಂಡು ಕಟ್ಟಿ, ಅಣೆಕಟ್ಟಿನ ಮೇಲಿಂದ ನಡು ಕಿಂಡಿಯ ಎದುರಿಗೆ ಇಳಿಸಿದೆವು. ಹಿಂದಿನ ದಿನ ಹೀಗೇ ಮಾಡಿದಾಗ ಒಂದು ಹಂತದಲ್ಲಿ ಗೋಣಿ ಫಟ್ ಅಂತ ಒಳಕ್ಕೆ ಹೋಗಿ, ದೋಟಿ ಕೈಯಿಂದಲೇ ಕಿತ್ತುಕೊಂಡು ಹೋಗುವ ಹಾಗೆ ಬಗ್ಗಿತ್ತು. ಈಗ ಮೇಲಿಂದ ಕೆಳವರೆಗೆ, ಎಡದಿಂದ ಬಲಕ್ಕೆ ಆಡಿಸಿದರೂ ದೋಟಿ ಸಡಿಲವಾಗಿ ಬಂತು. ಗೋಣಿ ಬಿದಿರಿನ ಮುಳ್ಳಿಗೆ ಸಿಕ್ಕಿ ಹರಿಯಿತು ಅಷ್ಟೆ. ನನ್ನನ್ನು ಕೇಳಿದರೆ ಸಾವಿರಾರು ರೂಪಾಯಿಯ ಸಾಮಾನುಗಳಿಗಿಂತ ಆ ದಿನ ಹೆಚ್ಚು ಕೆಲಸ ಮಾಡಿದ್ದು ಆ ಗೋಣಿ ತುಂಡು.

ನೀರಿಗೆ ಇಳಿಯುವ ಮೊದಲು

ಮೇಲ್ಗಡೆ ಈಗ ಸಾಮಾನ್ಯ ಹೊಳೆಯ ಹರಿವು. ಎಷ್ಟು ಅಂತ ಅಳೆಯಬೇಕು, ಕಣ್ಣಂದಾಜು ಬೇಡ. ದಡದಲ್ಲಿ 10 ಮೀಟರ್ ಅಳೆದು ಎರಡು ಗೂಟ ಹೊಡೆದು, ಒಂದು ತೆಂಗಿನಕಾಯಿ ಬಿಟ್ಟೆವು. 22 ಸೆಕೆಂಡು. ಮೂರು ಸಲವೂ ಹತ್ತಿರ ಹತ್ತಿರ ಅಷ್ಟೇ ಬಂತು. ಸೆಕೆಂಡಿಗೆ 45 ಸೆಂಟಿಮೀಟರ್. ಹೊಳೆಯ ತಳಕ್ಕೆ ಹೋದರೆ ಕಲ್ಲು ಹೊಯಿಗೆಯ ಉಜ್ಜುವಿಕೆಗೆ ಇದಕ್ಕಿಂತ ಕಡಿಮೆ ಇರುತ್ತದೆ. ಬಲದಂಡೆಯ ತೆರೆದ ಕಿಂಡಿಗಳ ಹತ್ತಿರ ಮಾತ್ರ ತುಂಬ ಜಾಸ್ತಿ. ಅಂದರೆ ಎಡದಿಂದ ನಡುವಿನವರೆಗೆ ಮುಳುಗಬಹುದು, ಬಲಕ್ಕೆ ಹೋಗುವಂತೆಯೇ ಇಲ್ಲ.

ಹೋಗಬಾರದು ಅಂತ ಡೈವರಿಗೆ ಹೇಳಿ ಬಿಡುವುದಲ್ಲ. ಹೋಗಲು ಆಗದ ಹಾಗೆ ಹಗ್ಗ ಕಟ್ಟುವುದು. ಎಡದಂಡೆಯಲ್ಲಿ ಮೇಲಕ್ಕೆ ಒಂದು ದೊಡ್ಡ ಹೊನ್ನೆ ಮರ ಇತ್ತು. ಅಲ್ಲಿಂದ ನಡು ಕಂಬಕ್ಕೆ ಎಷ್ಟು ದೂರವೋ ಅಷ್ಟೇ ಹಗ್ಗ, ಅಲ್ಲಿಗೆ ಒಂದು ಗಂಟು, ಗಂಟಿನಿಂದ ಆಚೆ ಹಗ್ಗ ಮರಕ್ಕೆ ಬಿಗಿ. ಡೈವರ್ ಎಷ್ಟೇ ತೇಲಿದರೂ ಬಲದಂಡೆಯ ಕಿಂಡಿ ಮುಟ್ಟಲಾರ. ಮರದ ಬುಡದಲ್ಲಿ ನಾನು. ಸ್ವಲ್ಪ ಸ್ವಲ್ಪ ಹಗ್ಗ ಬಿಡುತ್ತಾ ಹೋದರೆ ಡೈವರ್ ಹೊಳೆಗೆ ಅಡ್ಡ ಕಮಾನಿನಂತೆ ಒಂದು ಸುತ್ತು ಹೋಗಿ ಬರುತ್ತಾನೆ, ಒಂದು ತೋಳಿನಷ್ಟು ಬಿಟ್ಟರೆ ಮುಂದಿನ ಸುತ್ತು. ಮುಖ ಯಾವಾಗಲೂ ನೀರು ಬರುವ ಕಡೆಗೆ, ಮೈ 45 ಡಿಗ್ರಿ ಓರೆ. ಓರೆ ಮಾಡಿದರೆ ಸೆಳೆತವೇ ಅವನನ್ನು ಪಕ್ಕಕ್ಕೆ ಒಯ್ಯುತ್ತದೆ, ಕಾಲು ಬಡಿಯುವ ಶ್ರಮ ಇಲ್ಲ. ಕದಡಿದ ಕೆಸರೂ ಹಿಂದಕ್ಕೆ ಹೋಗುತ್ತದೆ.

ಹಗ್ಗವನ್ನು ಸೊಂಟಕ್ಕೆ ಗಂಟು ಹಾಕುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ದಯವಿಟ್ಟು ಮಾಡಬೇಡಿ. ಗಟ್ಟಿ ಸೆಳೆತದಲ್ಲಿ ಎರಡೂ ಕಡೆ ಬಿಗಿದ ಹಗ್ಗ ಮನುಷ್ಯನನ್ನು ನೀರಿನಡಿಗೇ ಹಿಡಿದಿಡುತ್ತದೆ, ಒದ್ದೆ ಗಂಟನ್ನು ಆಗ ಬಿಚ್ಚಲು ಯಾರಿಗೂ ಆಗುವುದಿಲ್ಲ. ಹಗ್ಗ ಕಟ್ಟುವುದು ಎದೆಯ ಹಾರ್ನೆಸ್ಸಿಗೆ. ಒಂದು ಕೈಯಲ್ಲಿ ಎಳೆದರೆ ಕಳಚಬೇಕು, ಕೈಗವಸು ಹಾಕಿದ ಕೈಯಲ್ಲೇ ಕಳಚಬೇಕು. ಹಾರ್ನೆಸ್ ಮೊದಲು, ಅದರ ಮೇಲೆ ಸಿಲಿಂಡರ್ ಕಟ್ಟಿದ ಜಾಕೆಟ್. ಜಾಕೆಟ್ ಬಿಚ್ಚಿ ಎಸೆಯಬೇಕಾಗಿ ಬಂದರೂ ಹಗ್ಗ ಮೈಗೆ ಇರಬೇಕು. ಎರಡು ಕತ್ತಿ, ಒಂದು ಎದೆಯಲ್ಲಿ, ಒಂದು ತೋಳಿನಲ್ಲಿ, ಯಾವ ಕೈ ಸಿಕ್ಕಿಬಿದ್ದರೂ ಇನ್ನೊಂದಕ್ಕೆ ಎಟಕುವ ಹಾಗೆ. ಕಾಲಿಗೆ ಕಟ್ಟಿದ ಕತ್ತಿ ಬಿದಿರಿಗೆ ಸಿಕ್ಕುತ್ತದೆ. ತಲೆಗೆ ಹೆಲ್ಮೆಟ್. ಮುಳುಗಲು ತೂಕಕ್ಕೆ ಸೀಸ ಕಟ್ಟುವಾಗ ಒಂದು ಮಾತು: ಸಿಹಿನೀರು ಉಪ್ಪುನೀರಿಗಿಂತ ಸುಮಾರು ಎರಡೂವರೆ ಪರ್ಸೆಂಟ್ ಹಗುರ. ಸಾಮಾನು ಸೇರಿ 100 ಕಿಲೋ ತೂಗುವವನು ನೇತ್ರಾಣಿಯಲ್ಲಿ ಕಟ್ಟಿದಷ್ಟೇ ಸೀಸ ಇಲ್ಲಿ ಕಟ್ಟಿದರೆ ಎರಡೂವರೆ ಕಿಲೋ ಹೆಚ್ಚಾಯಿತು. ತಳದಲ್ಲಿ ನಿಲ್ಲಲು ಅದು ಒಳ್ಳೆಯದೇ ಆಗಬಹುದು, ಆದರೆ ಗೊತ್ತಿದ್ದು ಕಟ್ಟಬೇಕು.

ಗಾಳಿಯ ಲೆಕ್ಕ ದಡದಲ್ಲೇ ಮಾಡಿದೆವು. 12 ಲೀಟರಿನ ಸಿಲಿಂಡರ್, 200 ಬಾರ್ ಒತ್ತಡ, ಅಂದರೆ 2400 ಲೀಟರ್ ಗಾಳಿ. ಆಳ ಮೂರು ಮೀಟರ್, ದುಡಿಯುವ ಮನುಷ್ಯ, ನಿಮಿಷಕ್ಕೆ ಸುಮಾರು 65 ಲೀಟರ್. ಅರ್ಧ ಸಿಲಿಂಡರಿಗೆ ಮೇಲೆ ಬರಬೇಕು ಅಂದರೆ 18 ನಿಮಿಷ. ನಾವು 15 ಅಂತ ಇಟ್ಟೆವು. ಉಳಿದ ಅರ್ಧ ಸಿಕ್ಕಿಬಿದ್ದರೆ ಬೇಕಾಗುವ ಗಾಳಿ, ಅದು ಹುಡುಕಾಟಕ್ಕೆ ಅಲ್ಲ.

ಎರಡನೇ ಡೈವರ್ ಪೂರ್ತಿ ಸಾಮಾನು ಹಾಕಿಕೊಂಡು ನನ್ನ ಪಕ್ಕ ಕೂತ, ಅವನಿಗೂ ಬೇರೆ ಹಗ್ಗ, ಬೇರೆ ಹಗ್ಗದವನು. ಮಾಸ್ಕ್ ಹಾಕುವುದೊಂದೇ ಬಾಕಿ. ಮೇಲಕ್ಕೆ ತಿರುವಿನಲ್ಲಿ ಇಬ್ಬರು, ತೇಲಿ ಬರುವ ಮರ, ಮಡಲು, ನೀರಿನ ಬಣ್ಣ ನೋಡಲು. ಅಣೆಕಟ್ಟಿನ ಕೆಳಗಡೆ ಎರಡೂ ದಡದಲ್ಲಿ ಎಸೆಯುವ ಹಗ್ಗದ ಚೀಲ ಹಿಡಿದವರು. ದಡದಲ್ಲಿ ಕನ್ನಡ, ತುಳು, ಮಲಯಾಳ, ಮರಾಟಿ ಎಲ್ಲ ಒಟ್ಟಿಗೆ ಕೇಳಿಸುತ್ತಿತ್ತು. ಹಾಗಾಗಿ ಕೂಗುವುದೇ ಬೇಡ ಅಂತ ಸಿಳ್ಳೆ ಇಟ್ಟೆವು: ಒಂದು ಅಂದರೆ ಎಲ್ಲರೂ ನಿಲ್ಲಿ, ಎರಡು ಅಂದರೆ ಮೇಲಕ್ಕೆ ನೋಡಿ, ಮೂರು ಅಂದರೆ ಕೆಳಕ್ಕೆ ನೋಡಿ. ಹಗ್ಗದ ಭಾಷೆ ಬೇರೆ. ಡೈವರ್ ಒಂದು ಜಗ್ಗಿದರೆ ಚೆನ್ನಾಗಿದ್ದೇನೆ, ಎರಡು ಅಂದರೆ ಹಗ್ಗ ಬಿಡಿ, ಮೂರು ಅಂದರೆ ಹುಡುಕುತ್ತಿದ್ದದ್ದು ಸಿಕ್ಕಿತು, ನಾಲ್ಕು ಅಂದರೆ ನನಗೆ ಸಹಾಯ ಬೇಕು. ನಾನು ಒಂದು ಜಗ್ಗಿದರೆ ಹೇಗಿದ್ದೀಯಾ, ಎರಡು ತಿರುಗು, ಮೂರು ಮೇಲೆ ಬಾ, ನಾಲ್ಕು ಇದ್ದಲ್ಲೇ ನಿಲ್ಲು. ತಂಡದಿಂದ ತಂಡಕ್ಕೆ ಇದು ಬೇರೆ ಬೇರೆ, ಹಾಗಾಗಿ ಎಷ್ಟು ಹಳೆಯ ಗೆಳೆಯರಾದರೂ ಪ್ರತಿ ಸಲ ಬಾಯಲ್ಲಿ ಹೇಳಿ, ಒಣ ನೆಲದಲ್ಲಿ ಒಮ್ಮೆ ಜಗ್ಗಿ ನೋಡಬೇಕು.

ಹಗ್ಗದ ತುದಿಯಲ್ಲಿ

ಹಗ್ಗ ಹಿಡಿಯುವವನಿಗೆ ನೀರಿನಡಿ ಏನೂ ಕಾಣುವುದಿಲ್ಲ, ಗುಳ್ಳೆ ಮಾತ್ರ. ಉಳಿದದ್ದೆಲ್ಲ ಕೈಗೆ ಗೊತ್ತಾಗಬೇಕು. ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳಬಾರದು, ಬೆರಳುಗಳ ಮೇಲೆ ಹಾಯಿಸಿಕೊಂಡು ಹದವಾಗಿ ಬಿಗಿ ಇಟ್ಟಿರಬೇಕು. ಡೈವರ್ ತೆವಳುವುದು, ನಿಲ್ಲುವುದು, ಕಲ್ಲು ಹತ್ತುವುದು ಎಲ್ಲ ಸಣ್ಣ ಸಣ್ಣ ನಡುಕವಾಗಿ ಬರುತ್ತದೆ. ಮೊದಲ ಸುತ್ತುಗಳಲ್ಲಿ ಏನೂ ಸಿಗಲಿಲ್ಲ. ಎದುರು ನೀರಿಗೆ, ಬಾಯಿಗೆ ಗಾಳಿ ಕೊಡುವ ರೆಗ್ಯುಲೇಟರಿನ ಗುಂಡಿ ಒತ್ತಿಹೋಗಿ ಒಮ್ಮೆ ಗಾಳಿ ಭುಸ್ ಅಂತ ಸುಮ್ನೆ ಹೋಗತೊಡಗಿತ್ತಂತೆ. ಬಾಯಿ ಸ್ವಲ್ಪ ಕೆಳಗೆ ಮಾಡಿದ ಕೂಡಲೇ ನಿಂತಿತು.

ನಡು ಕಂಬ ಹತ್ತಿರ ಆಗುತ್ತಿದ್ದಾಗ ಹಗ್ಗದ ಜೀವ ಹೋಯಿತು. ಬಿಗಿ ಇದೆ, ಆದರೆ ನಡುಕ ಇಲ್ಲ. ಗುಳ್ಳೆ ಒಂದೇ ಜಾಗದಲ್ಲಿ ಬರುತ್ತಿದೆ. ಒಂದು ಜಗ್ಗಿದೆ. ಉತ್ತರ ಇಲ್ಲ. ಮತ್ತೆ ಒಂದು. ಇಲ್ಲ. ಹಗ್ಗ ನಡುವೆ ಎಲ್ಲೋ ಸಿಕ್ಕಿದೆ, ನನ್ನ ಜಗ್ಗು ಅವನಿಗೆ ಮುಟ್ಟುತ್ತಿಲ್ಲ ಅಂತ ಅರ್ಥ. ಹಿಂದಿನಿಂದ ಯಾರೋ "ಎಳೀರಿ, ಎಳೀರಿ" ಅಂದರು. ಎಳೆಯಬಾರದು. ಎಳೆದರೆ ಸಿಕ್ಕು ಇನ್ನೂ ಬಿಗಿಯುತ್ತದೆ. ಆತ ಉಸಿರು ಹಿಡಿದಿದ್ದ ಹೊತ್ತಿನಲ್ಲಿ ರಪ್ ಅಂತ ಮೇಲೆ ಬಂದರೆ ಮೂರು ಮೀಟರಿನಿಂದಲೂ ಶ್ವಾಸಕೋಶ ಹರಿಯಬಹುದು. ನಾನು ಒಂದು ಸಿಳ್ಳೆ ಹಾಕಿದೆ. ಪಕ್ಕದವನು ಮಾಸ್ಕ್ ಹಾಕಿ ಎದ್ದು ನಿಂತ. ಗುಳ್ಳೆ ಸಮವಾಗಿ ಬರುತ್ತಿತ್ತು, ಗಾಬರಿಯ ಉಸಿರಲ್ಲ. ಅಧಿಕಾರಿ ಕೈ ಎತ್ತಿ ಕಾಯಲು ಹೇಳಿದರು.

ನೀರಿನಡಿ ಆತ ಮಾಡಿದ್ದು ಸರಿಯಾದದ್ದೇ. ಹಗ್ಗ ಬಾರದೆ ಹೋದಾಗ ತಿರುಗಿ ಒದ್ದಾಡಲಿಲ್ಲ, ತಿರುಗಿದರೆ ಸಿಲಿಂಡರಿನ ವಾಲ್ವಿಗೂ ಸುತ್ತಿಕೊಳ್ಳುತ್ತದೆ. ನಿಂತ. ಎರಡು ಮೂರು ಉಸಿರು ನಿಧಾನ ಎಳೆದ. ಹಗ್ಗವನ್ನೇ ಹಿಡಿದು ಬಂದ ದಾರಿಯಲ್ಲಿ ಹಿಂದೆ ಹೋದ. ಬಿದಿರಿನ ಒಂದು ಮುಳ್ಳು ಕೊಂಬೆಗೆ ಸಿಕ್ಕಿದ್ದು ಕೈಗೆ ಸಿಕ್ಕಿತು, ಬಿಡಿಸಿದ. ನನ್ನ ಬೆರಳಿಗೆ ಮತ್ತೆ ನಡುಕ ಬಂತು, ಕೂಡಲೇ ಒಂದು ಜಗ್ಗು. ಸ್ವಲ್ಪ ಹೊತ್ತು ಬಿಟ್ಟು ಮೂರು.

ಹುಡುಗ ಬಿದಿರು ಮತ್ತು ಹಲಗೆಯ ನಡುವೆ ಇದ್ದ, ಅರ್ಧ ಮೈ ತೂತಿನ ಒಳಗೆ. ಹಿಂದಿನ ಸಂಜೆ ಯಾರಾದರೂ ಆ ಗುರುತಿಗೆ ಮುಳುಗಿದ್ದರೆ ಅಲ್ಲಿಗೇ ಹೋಗಿ ಸಿಕ್ಕಿಬೀಳುತ್ತಿದ್ದರು.

ಡೈವರ್ ಕಿಂಡಿಯ ಒಳಕ್ಕೆ ಕೈ ಹಾಕಲಿಲ್ಲ. ಹೊರಗಿನಿಂದಲೇ ಎದೆಯ ಸುತ್ತ ಅಗಲದ ಪಟ್ಟಿ ಹಾಕಿ, ಅದಕ್ಕೆ ಬೇರೆ ಹಗ್ಗ ಕೊಕ್ಕೆ ಮಾಡಿ, 15 ನಿಮಿಷ ಆಗುವ ಮೊದಲೇ ಮೇಲೆ ಬಂದ. ಆಮೇಲಿನ ಕೆಲಸ ಎಲ್ಲ ಮೇಲಿಂದ. ನೀರಿನಲ್ಲಿ ಯಾರೂ ಇಲ್ಲ ಅಂತ ತಲೆ ಎಣಿಸಿ ನೋಡಿದ ಮೇಲೆ ದಳದವರು ಅಣೆಕಟ್ಟಿನ ಮೇಲೆ ನಿಂತು ಬಿದಿರನ್ನು ಕಪ್ಪಿ ಹಗ್ಗದಲ್ಲಿ ಎತ್ತಿ, ಗರಗಸದಲ್ಲಿ ಒಂದೊಂದೇ ಕಡಿದರು. ಬಿದಿರು ಸಡಿಲ ಆದ ಕೂಡಲೇ ದೇಹ ಬಂತು. ಜನ ಮೊಬೈಲ್ ಎತ್ತದ ಹಾಗೆ ತೋಟದ ಹೆಂಗಸರು ಸೀರೆ ಅಡ್ಡ ಹಿಡಿದರು. ಚಿಕ್ಕಪ್ಪ ಒಮ್ಮೆ ಮುಖ ನೋಡಿ ಹೌದು ಅಂದರು. ಪೊಲೀಸರು ಮಹಜರು ಮಾಡಿ ಮುಂದಿನದಕ್ಕೆ ಒಯ್ದರು.

ಆಮೇಲೆ

ಸಾಮಾನು ತೊಳೆಯುವ ಮೊದಲು ಹಗ್ಗವನ್ನು ಪೂರ್ತಿ ಕೈಯಲ್ಲಿ ಹಾಯಿಸಿ ನೋಡಿದೆವು. ಬಿದಿರಿಗೆ ಸಿಕ್ಕಿದ್ದ ಕಡೆ ಎಳೆಗಳು ಎದ್ದಿದ್ದವು. ಅದನ್ನು ಅಲ್ಲೇ ತುಂಡು ಮಾಡಿ ಹಾಕಿದೆವು, ಮತ್ತೆ ಯಾರೂ ತಪ್ಪಿ ಬಳಸಬಾರದು ಅಂತ. ಹೊಳೆಯ ಕೆಂಪು ನೀರಿನಲ್ಲಿ ಇದ್ದವರು, ಕೈಯಲ್ಲಿ ಗೀರು ಆದವರು ಇಲಿಜ್ವರದ ಬಗ್ಗೆ ಮರೆಯಬಾರದು. ನೀರಿನ ಕೆಲಸ ಮಾಡುವವರಿಗೆ ಕೇರಳದ ಆರೋಗ್ಯ ಇಲಾಖೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಹೇಳುತ್ತದೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಅಣೆಕಟ್ಟಿಗೆ ಮತ್ತೆ ಹಲಗೆ ಹಾಕುವಾಗ ಊರವರು ಎರಡು ಕೆಲಸ ಸೇರಿಸಿಕೊಂಡರು. ಮೇಲ್ಗಡೆ ಸ್ವಲ್ಪ ದೂರದಲ್ಲಿ ಹೊಳೆಗೆ ಅಡ್ಡವಾಗಿ ತೇಲುವ ಕ್ಯಾನುಗಳನ್ನು ಕಟ್ಟಿದ ಹಗ್ಗ ಎಳೆದರು, ಅದನ್ನು ದಾಟಿ ಈಜುವಂತಿಲ್ಲ. ಕೆಳಗಡೆ ಯಾವ ಕಿಂಡಿಯ ಎದುರಾದರೂ ನೀರು ಅಡಿಯಿಂದ ಕುದಿಯುವುದು ಕಂಡರೆ ಆ ದಿನವೇ ಮೇಲ್ಗಡೆಯ ಕಡವಿಗೆ ಯಾರನ್ನೂ ಬಿಡದೆ ಹಲಗೆ ಸರಿಮಾಡುವುದು ಅಂತ ಮಾತಾಯಿತು. ಬೆಳಿಗ್ಗೆ ಪಂಪ್ ಹಾಕಲು ಬರುವವರೇ ಈಗ ಅದನ್ನು ನೋಡುತ್ತಾರೆ. ಎಲ್ಲಿ ಕಿಂಡಿ ಅಣೆಕಟ್ಟು ಇದೆಯೋ ಅಲ್ಲೆಲ್ಲ ಇದನ್ನು ಮಾಡಬಹುದು, ಖರ್ಚು ಹಗ್ಗ ಮತ್ತು ಖಾಲಿ ಕ್ಯಾನುಗಳದ್ದು ಮಾತ್ರ. ಯಾರಾದರೂ ನೀರಿಗೆ ಬಿದ್ದರೆ 101 ಅಥವಾ 112ಕ್ಕೆ ಫೋನ್ ಮಾಡಿ, ಕೊನೆಗೆ ಕಂಡ ಜಾಗಕ್ಕೆ ದಡದಲ್ಲಿ ಒಂದು ಗೂಟ ಹೊಡೆದು ಅಲ್ಲೇ ನಿಂತಿರಿ.